ಹಳೇ ಸ್ಪೋರ್ಟ್ಸ್ ಕಾರಿಗೆ ಬದಲಿ ಬಾಡಿ ಪ್ಯಾನೆಲ್ ಆರಿಸುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ಗಂಗಾವತಿ, ರಾಯಚೂರು ಕಡೆಯ ಶೆಡ್ಡುಗಳಲ್ಲಿ ಅರ್ಧಕ್ಕೆ ನಿಂತಿರುವ ಹಳೇ ಕಾರುಗಳ ಕಾಯಿಲೆ ಹೆಚ್ಚುಕಡಿಮೆ ಒಂದೇ. ಮಡ್‌ಗಾರ್ಡ್ ಹೊಸದು, ಬಾಗಿಲು ಹೊಸದು, ಬಾನೆಟ್ಟೂ ಹೊಸದು. ಆದರೆ ಬಾಗಿಲು ಹಾಕಿದರೆ ಮೇಲ್ತುದಿ ಹಿಂದಿನ ಮಡ್‌ಗಾರ್ಡಿಗೆ ತಾಗುತ್ತದೆ, ಕೆಳಗೆ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಇಂಥ ಕಡೆ ಬಹಳ ಸಲ ಪ್ಯಾನೆಲ್ ಸರಿಯಾಗಿಯೇ ಇರುತ್ತದೆ. ಕೊಂಡ ಕ್ರಮ ತಪ್ಪಿರುತ್ತದೆ. ಕಣ್ಣಿಗೆ ಕಾಣುವ ಹೊರ ತಗಡನ್ನು ಮೊದಲು ಕೊಂಡು, ಅದನ್ನು ಹೊರುವ ಒಳ ತಗಡನ್ನು ಆಮೇಲೆ ನೋಡಿದರೆ ಹಣ ಎರಡು ಸಲ ಖರ್ಚಾಗುತ್ತದೆ.

ಇಲ್ಲಿ ಮುಖ್ಯವಾಗಿ ಎಂಜಿಬಿ, ಟ್ರಯಂಫ್ ಸ್ಪಿಟ್‌ಫೈರ್‌ನಂಥ ಎರಡು ಬಾಗಿಲಿನ ತೆರೆದ ಕಾರುಗಳನ್ನು ಇಟ್ಟುಕೊಂಡಿದ್ದೇವೆ. ಸ್ಟ್ಯಾಂಡರ್ಡ್ ಹೆರಾಲ್ಡ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೂ ಕ್ರಮ ಇದೇ.

## ಕೈಗೆ ಬೇಕಾದ ಸಾಮಾನು

ಅಳತೆ ಟೇಪು, ಮೂರು ಅಡಿಯ ಸ್ಟೀಲ್ ಸ್ಕೇಲು, ತಗಡಿನ ದಪ್ಪ ನೋಡಲು ಮೈಕ್ರೋಮೀಟರ್ ಅಥವಾ ವರ್ನಿಯರ್, ಮೃದು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್, ಹಳೇ ಸ್ಕ್ರೂಡ್ರೈವರ್, ಟಾರ್ಚು, ಮಾರ್ಕರ್ ಪೆನ್ನು. ಸಂದಿ ನೋಡಲು ಬೇರೆ ಗೇಜು ಬೇಕಿಲ್ಲ. 4, 5 ಮತ್ತು 6 ಎಂಎಂ ಡ್ರಿಲ್ ಬಿಟ್‌ಗಳ ನುಣುಪಾದ ಹಿಂಭಾಗ ಸಾಕು.

ಕೆಲಸ ಶುರುವಾದ ಮೇಲೆ 25×25 ಎಂಎಂ ಚೌಕ ಪೈಪು, ಕ್ಲ್ಯಾಂಪುಗಳು (ಕಡಿಮೆಯೆಂದರೂ ಹತ್ತು), ಸ್ಪಾಟ್ ವೆಲ್ಡ್ (ಎರಡು ತಗಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದ ಜಾಗ) ಬಿಡಿಸುವ ಡ್ರಿಲ್ ಬಿಟ್, ತಗಡು ಹಿಡಿದು ನಿಲ್ಲಿಸಲು ತಾತ್ಕಾಲಿಕ ಸ್ಕ್ರೂಗಳು ಮತ್ತು ಸಿಒಟು ವೆಲ್ಡಿಂಗ್ ಮಷೀನು ಬೇಕು. ಹೊರ ತಗಡಿಗೆ 0.6 ಎಂಎಂ ವೈರ್ ಒಳ್ಳೆಯದು, ಅದು ಸಿಗದಿದ್ದರೆ 0.8. ಅದಕ್ಕಿಂತ ದಪ್ಪ ವೈರ್ ತೆಳು ತಗಡನ್ನು ತೂತು ಮಾಡುತ್ತದೆ.

## ಹಂತ 1: ಕಾರು ಯಾವುದೆಂದು ಕಾಗದದ ಮೇಲೆ ಖಚಿತ ಮಾಡಿ

ಒಂದೇ ಹೆಸರಿನ ಕಾರಿಗೆ ವರ್ಷದಿಂದ ವರ್ಷಕ್ಕೆ ಪ್ಯಾನೆಲ್ ಬದಲಾಗಿರುತ್ತದೆ. ಎಂಜಿಬಿ 1962ರಿಂದ 1980ರವರೆಗೆ ತಯಾರಾಯಿತು. ಶುರುವಿನ ಕಾರುಗಳ ಬಾನೆಟ್ ಅಲ್ಯೂಮಿನಿಯಂ, ನಂತರದ್ದು ಉಕ್ಕು. ದೀಪದ ತೂತು, ಬಂಪರ್ ಕೂರುವ ಜಾಗ, ಬ್ಯಾಡ್ಜಿನ ತೂತು ಇವೆಲ್ಲ ಬದಲಾಗುತ್ತ ಬಂದಿವೆ. ಆದ್ದರಿಂದ ಆರ್‌ಸಿಯಲ್ಲಿರುವ ತಯಾರಿಕೆಯ ವರ್ಷವನ್ನಷ್ಟೇ ನಂಬಿ ಆರ್ಡರ್ ಮಾಡಬೇಡಿ. ಕಾರಿನ ಮೇಲಿರುವ ಚಾಸಿ ನಂಬರನ್ನೇ ಓದಿ, ಆ ನಂಬರಿಗೆ ಹೊಂದುವ ಪಾರ್ಟ್ ನಂಬರನ್ನು ಕಾರಿನ ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ.

ಎಡ ಬಲ ಅದಲುಬದಲಾಗುವುದು ನಮ್ಮಲ್ಲಿ ಪದೇಪದೇ ಆಗುವ ತಪ್ಪು. ಬ್ರಿಟನ್ನಿನ ಅಂಗಡಿಯವರು ‘ನಿಯರ್‌ಸೈಡ್’ ಅಂದರೆ ಎಡಬದಿ, ‘ಆಫ್‌ಸೈಡ್’ ಅಂದರೆ ಬಲಬದಿ. ಅಮೆರಿಕದ ಅಂಗಡಿಯವರು ‘ಡ್ರೈವರ್ ಸೈಡ್’ ಅಂದರೆ ಎಡಬದಿ, ಏಕೆಂದರೆ ಅಲ್ಲಿ ಸ್ಟೀರಿಂಗ್ ಎಡಕ್ಕಿದೆ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಕ್ಕೆ. ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತಾಗ ಎಡವೋ ಬಲವೋ ಎಂದು ಬರೆದು, ಜೊತೆಗೆ ಹಳೇ ಪ್ಯಾನೆಲ್ಲಿನ ಫೋಟೋ ಕಳಿಸಿ.

ಇದೇ ಹಂತದಲ್ಲಿ ಆರ್‌ಟಿಒ ವಿಚಾರವೂ ಮುಗಿಯಬೇಕು. ಚಾಸಿ ನಂಬರ್ ಪಂಚ್ ಆಗಿರುವ ತಗಡನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ತುಕ್ಕು ಅಲ್ಲಿಗೇ ಬಂದಿದ್ದರೆ ಕೆಲಸ ಶುರು ಮಾಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ; ಬಳ್ಳಾರಿ ಕೆಎ 34, ರಾಯಚೂರು ಕೆಎ 36, ಕೊಪ್ಪಳ ಕೆಎ 37. ಕಾರಿಗೆ 50 ವರ್ಷ ದಾಟಿದ್ದು, 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸುವ ಆಸೆ ಇದ್ದರೆ ಇನ್ನೂ ಎಚ್ಚರ ಬೇಕು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಶೆಲ್ (ಬಾಡಿಯ ಇಡೀ ತಗಡಿನ ಗೂಡು), ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಇರಬಾರದು ಎಂದು ಆ ನಿಯಮ ಹೇಳುತ್ತದೆ. ಅಗಲಿಸಿದ ಫೈಬರ್ ಮಡ್‌ಗಾರ್ಡ್, ರೇಸ್ ಕಾರಿನ ಮೂತಿ ಇವೆಲ್ಲ ಅಲ್ಲಿ ಅಡ್ಡ ಬರುತ್ತವೆ.

## ಹಂತ 2: ತುಕ್ಕು ಎಲ್ಲಿಯವರೆಗೆ ಹೋಗಿದೆ ನೋಡಿ

ಕಾರು ಎಲ್ಲಿಂದ ಬಂತು ಎಂಬುದರ ಮೇಲೆ ಎಲ್ಲಿ ಹುಡುಕಬೇಕು ಎಂಬುದು ನಿಂತಿದೆ. ಮುಂಬೈ, ಮಂಗಳೂರು, ಚೆನ್ನೈ ಕಡೆಯಿಂದ ತಂದ ಕಾರಿಗೆ ಉಪ್ಪು ಗಾಳಿಯ ಪೆಟ್ಟು ಬಿದ್ದಿರುತ್ತದೆ. ತಳ, ಸಿಲ್ (ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಭಾಗ), ಜೋಡಣೆಯ ಮಡಿಕೆಗಳು ಒಳಗಿನಿಂದಲೇ ತಿಂದುಹೋಗಿರುತ್ತವೆ. ಇಲ್ಲೇ ಬಾಳಿದ ಕಾರಿನ ಕಥೆ ಬೇರೆ. ನಮ್ಮ ಒಣ ಹವೆ ತಗಡಿಗೆ ಒಳ್ಳೆಯದೇ, ಆದರೆ ಸಂಡೂರು, ತೋರಣಗಲ್ಲು ರಸ್ತೆಯ ಕೆಂಪು ದೂಳು ಮಡ್‌ಗಾರ್ಡಿನ ಒಳಗೆ, ಹೆಡ್‌ಲೈಟಿನ ಹಿಂದೆ, ಬಾಗಿಲಿನ ತಳದಲ್ಲಿ ಗಟ್ಟಿಯಾಗಿ ಕೂತು ನೀರು ಹೊರಹೋಗುವ ತೂತುಗಳನ್ನು ಮುಚ್ಚುತ್ತದೆ. ಮಳೆಗಾಲದಲ್ಲಿ ಆ ದೂಳು ಒದ್ದೆ ಹಿಡಿದಿಟ್ಟುಕೊಂಡು ಅಷ್ಟು ಜಾಗವನ್ನು ಮಾತ್ರ ಕೊರೆಯುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆ ಬಯಲಿನಲ್ಲಿ ಓಡಿದ ಗಾಡಿಗಳಲ್ಲಿ ದೂಳಿನ ಬದಲು ಕೆಸರು ಅದೇ ಕೆಲಸ ಮಾಡುತ್ತದೆ.

ಮೊದಲು ದೂಳು, ಕೆಸರು, ಹಳೇ ಅಂಡರ್‌ಕೋಟಿಂಗ್ ಎಲ್ಲ ಕೆರೆದು ತೆಗೆಯಿರಿ. ಆಮೇಲೆ ಮ್ಯಾಗ್ನೆಟ್ ಆಡಿಸಿ. ಹಿಡಿತ ಸಡಿಲವಾದಲ್ಲಿ ಕೆಳಗೆ ಪುಟ್ಟಿ ಇದೆ. ಒಂದು ಎಚ್ಚರಿಕೆ: ಎಂಜಿಬಿಯ ಅಲ್ಯೂಮಿನಿಯಂ ಬಾನೆಟ್ಟಿಗೆ ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ. ಅದನ್ನು ಪುಟ್ಟಿ ತುಂಬಿದ ಬಾನೆಟ್ ಎಂದು ತಿಳಿದು ಗುಜರಿಗೆ ಹಾಕಬೇಡಿ, ಅದು ಸಿಗುವುದು ಕಷ್ಟ.

ನಂತರ ಸ್ಕ್ರೂಡ್ರೈವರ್ ತುದಿಯಿಂದ ಸಿಲ್, ನೆಲದ ಅಂಚು, ಸ್ಪ್ರಿಂಗ್ ಕೂರುವ ಜಾಗ, ಬಾಗಿಲ ಕಂಬದ ಬುಡ ಎಲ್ಲ ಚುಚ್ಚಿ ನೋಡಿ. ಒಳ್ಳೆಯ ತಗಡು ಟಣ್ ಅನ್ನುತ್ತದೆ, ಹೋದ ತಗಡು ಮಂಕು ಸದ್ದು ಮಾಡಿ ಒಳಗೆ ಕುಸಿಯುತ್ತದೆ. ಕಣ್ಣಿಗೆ ಕಾಣುವ ತೂತಿನಿಂದ ಒಳ್ಳೆಯ ಗಟ್ಟಿ ತಗಡು ಸಿಗುವವರೆಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಈ ಗೆರೆಯೇ ಮುಂದೆ ಎಷ್ಟು ದೊಡ್ಡ ಪ್ಯಾನೆಲ್ ಬೇಕು ಎಂದು ತೀರ್ಮಾನಿಸುತ್ತದೆ. ಬೆರಳಗಲದ ತೂತಿನ ಸುತ್ತ ಅಂಗೈ ಅಗಲ ತಗಡು ತೆಳುವಾಗಿರುವುದು ಮಾಮೂಲು.

ಹೊರಗೆ ಗುಂಡಗಿನ ಸಣ್ಣ ತಗ್ಗುಗಳು ಸಮಾನ ಅಂತರದಲ್ಲಿ ಸಾಲಾಗಿ ಇದ್ದರೆ ಅದು ಫ್ಯಾಕ್ಟರಿ ಸ್ಪಾಟ್ ವೆಲ್ಡ್. ಆ ಸಾಲು ಇಲ್ಲದೆ ಗಂಟುಗಂಟಾದ ವೆಲ್ಡಿಂಗ್ ಕಂಡರೆ ಆ ಪ್ಯಾನೆಲ್ ಹಿಂದೆಯೇ ಬದಲಾಗಿದೆ. ಅದರ ಅಳತೆಯನ್ನು ನಂಬುವ ಹಾಗಿಲ್ಲ.

## ಹಂತ 3: ಒಂದು ಬೋಲ್ಟೂ ಬಿಚ್ಚುವ ಮೊದಲು ಅಳತೆ ತೆಗೆಯಿರಿ

ಸಮತಟ್ಟು ನೆಲದ ಮೇಲೆ, ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಚಕ್ರ ಇಲ್ಲದಿದ್ದರೆ ಮುಂದಿನ ಸಸ್ಪೆನ್ಷನ್ ಮತ್ತು ಹಿಂದಿನ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ನಡುವಿಗೆ ಜಾಕ್ ಕೊಟ್ಟು ಅಳೆದರೆ ಲೆಕ್ಕವೆಲ್ಲ ಸುಳ್ಳಾಗುತ್ತದೆ: ಛಾವಣಿ ಇಲ್ಲದ ಕಾರಿನಲ್ಲಿ ಬಾಡಿ ಬಾಗದಂತೆ ಹಿಡಿಯುವುದು ಮುಖ್ಯವಾಗಿ ಸಿಲ್‌ಗಳೇ, ಅವು ಸೋತಿದ್ದರೆ ಜಾಕ್ ಎತ್ತಿದಲ್ಲಿ ಬಾಡಿ ಉಬ್ಬುತ್ತದೆ.

ಬಾಗಿಲ ಚೌಕಟ್ಟಿನ ಎರಡು ಮೂಲೆಗೆರೆಗಳನ್ನು ಅಳೆಯಿರಿ: ಮುಂದಿನ ಕಂಬದ ಮೇಲಿಂದ ಹಿಂದಿನ ಕಂಬದ ಬುಡಕ್ಕೆ, ಮುಂದಿನ ಬುಡದಿಂದ ಹಿಂದಿನ ಮೇಲಕ್ಕೆ. ಚೌಕಟ್ಟು ಪೂರ್ತಿ ಚೌಕವಲ್ಲದ್ದರಿಂದ ಈ ಎರಡೂ ಒಂದೇ ಇರಬೇಕಿಲ್ಲ. ಹೋಲಿಸಬೇಕಾದ್ದು ಎಡಬಾಗಿಲನ್ನು ಬಲಬಾಗಿಲಿನ ಜೊತೆ. ವ್ಯತ್ಯಾಸ 3 ಎಂಎಂ ದಾಟಿದರೆ ಒಂದು ಬದಿ ಕುಸಿದಿದೆ ಅಥವಾ ಹಿಂದೆ ಅಪಘಾತವಾಗಿದೆ. ಜೊತೆಗೆ ಬಾಗಿಲಿನ ಸುತ್ತ ಎಂಟು ಕಡೆ ಸಂದಿ ಅಳೆದು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಲ್ಲೇ ಅಂಟಿಸಿ, ಫೋಟೋ ತೆಗೆಯಿರಿ.

ಅಳತೆಗೆ ಬೆಳಗಿನ ಹೊತ್ತು ಒಳ್ಳೆಯದು. ಒಂದೂವರೆ ಮೀಟರ್ ಉದ್ದದ ಉಕ್ಕಿನ ತಗಡು 30 ಡಿಗ್ರಿ ಬಿಸಿಯಾದರೆ ಅರ್ಧ ಎಂಎಂ ಹಿಗ್ಗುತ್ತದೆ. ಏಪ್ರಿಲ್ ಮೇ ತಿಂಗಳ ರಾಯಚೂರು ಬಿಸಿಲಿನಲ್ಲಿ ಬಾನೆಟ್ ಅದಕ್ಕಿಂತ ಹೆಚ್ಚೇ ಕಾಯುತ್ತದೆ.

ಸ್ಪಿಟ್‌ಫೈರ್, ಹೆರಾಲ್ಡ್ ಇರುವವರು ಇಲ್ಲೇ ಇನ್ನೊಂದು ನೋಡಬೇಕು. ಇವಕ್ಕೆ ಬೇರೆ ಚಾಸಿ ಇದೆ, ಬಾಡಿ ಅದರ ಮೇಲೆ ಬೋಲ್ಟಿನಲ್ಲಿ ಕೂತಿರುತ್ತದೆ. ನಡುವಿನ ರಬ್ಬರ್, ವಾಷರ್, ಪ್ಯಾಕಿಂಗ್ ಕುಸಿದರೂ ಬಾಗಿಲ ಸಂದಿ ಹಾಳಾಗುತ್ತದೆ. ಮೊದಲು ಅವನ್ನು ಬದಲಿಸಿ ಮತ್ತೆ ಅಳೆಯಿರಿ. ಎಷ್ಟೋ ಸಲ ಹೊಸ ಬಾಗಿಲು ಬೇಕು ಅನ್ನಿಸಿದ್ದು ನಾಲ್ಕು ಪ್ಯಾಕಿಂಗಿನಲ್ಲಿ ಮುಗಿಯುತ್ತದೆ.

## ಹಂತ 4: ಇಡೀ ಪ್ಯಾನೆಲ್ಲೋ, ತುಂಡೋ?

ಕಾರಿನ ಮೂಲ ತಗಡು ಎಷ್ಟು ಉಳಿದರೆ ಅಷ್ಟು ಒಳ್ಳೆಯದು, ಏಕೆಂದರೆ ಅದರ ಆಕಾರ ಆ ಕಾರಿನದ್ದೇ. ಮಡ್‌ಗಾರ್ಡಿನ ಕೆಳಗಿನ ಒಂದು ಗೇಣು ಮಾತ್ರ ಹೋಗಿದ್ದು ಮೇಲಿನ ಗೆರೆ, ಹೆಡ್‌ಲೈಟ್ ಬಳೆ ಗಟ್ಟಿಯಿದ್ದರೆ ಕೆಳಭಾಗದ ರಿಪೇರಿ ತುಂಡು ಸಾಕು. ಹೆಡ್‌ಲೈಟಿನ ಸುತ್ತ, ಮೇಲಿನ ಅಂಚಿನ ಮಡಿಕೆ ಮತ್ತು ಕೆಳಭಾಗ ಮೂರೂ ಹೋಗಿದ್ದರೆ ಇಡೀ ಮಡ್‌ಗಾರ್ಡ್ ಕೊಳ್ಳಿ; ಮೂರು ತೇಪೆ ಹಾಕಿ ನೇರ ಮಾಡುವ ಕೂಲಿ ಹೊಸದಕ್ಕಿಂತ ಹೆಚ್ಚಾಗುತ್ತದೆ.

ಬೋಲ್ಟಿನಲ್ಲಿ ಕೂರುವ ಪ್ಯಾನೆಲ್ಲಾದರೆ ಇಡಿಯಾಗಿ ಬದಲಿಸುವುದು ಸುಲಭ. ಎಂಜಿಬಿಯ ಮುಂದಿನ ಮಡ್‌ಗಾರ್ಡ್ ಬೋಲ್ಟಿನದ್ದು, ಹಿಂದಿನದ್ದು ವೆಲ್ಡ್ ಆಗಿದ್ದು. ಅದಕ್ಕೇ ಹಿಂದಿನದನ್ನು ಆದಷ್ಟು ಉಳಿಸಿಕೊಂಡು, ಚಕ್ರದ ಕಮಾನಿನಷ್ಟು ಮಾತ್ರ ಬದಲಿಸುವುದು ಜಾಣತನ. ಸ್ಪಿಟ್‌ಫೈರ್‌ನಲ್ಲಿ ಬಾನೆಟ್ಟು, ಎರಡು ಮಡ್‌ಗಾರ್ಡು, ಮೂತಿ ಎಲ್ಲ ಸೇರಿ ಒಂದೇ ಘಟಕ, ಮುಂದಿನಿಂದ ಕೀಲು. ಅದರ ಒಂದು ಭಾಗ ಬದಲಿಸಿದರೆ ಉಳಿದದ್ದೂ ಸರಿಯುತ್ತದೆ. ಆದ್ದರಿಂದ ತುಂಡುಗಳನ್ನು ಬಾನೆಟ್ ಕಾರಿನ ಮೇಲೆ ಮುಚ್ಚಿ ಕೂತಿರುವಾಗಲೇ ಟ್ಯಾಕ್ ಮಾಡಬೇಕು (ಅಲ್ಲಲ್ಲಿ ಚುಕ್ಕೆಯಷ್ಟು ವೆಲ್ಡ್ ಹಾಕಿ ಹಿಡಿಸಬೇಕು).

ಸಿಲ್‌ನಲ್ಲಿ ಮಾತ್ರ ಅಡ್ಡದಾರಿ ಇಲ್ಲ. ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುವ ಈ ಭಾಗ ಎಂಜಿಬಿಯಲ್ಲಿ ಒಂದು ತಗಡಲ್ಲ. ಒಳಸಿಲ್, ನಡುವಿನ ಪೊರೆಯಂಥ ತಗಡು, ಹೊರಸಿಲ್, ಕೆಳಗೆ ಉದ್ದಕ್ಕೂ ಹೋಗುವ ಕ್ಯಾಸಲ್ ರೈಲ್ ಇವೆಲ್ಲ ಸೇರಿ ಒಂದು ಪೆಟ್ಟಿಗೆಯಾಗುತ್ತವೆ. ಹೊರಸಿಲ್ ಬಾಗಿಲಿನ ಕೆಳಗೆ ಕಾಣುವಷ್ಟಕ್ಕೇ ಮುಗಿಯುವುದಿಲ್ಲ, ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳ ಒಳಗೂ ಹೋಗುತ್ತದೆ. ಅಂಗಡಿಯಲ್ಲಿ ‘ಕವರ್ ಸಿಲ್’ ಎಂಬ ಅಗ್ಗದ ತಗಡು ಸಿಗುತ್ತದೆ. ಹಳೇ ತುಕ್ಕಿನ ಮೇಲೆ ಹೊದಿಸಿ ಅಂಚಿಗೆ ವೆಲ್ಡ್ ಮಾಡುವಂಥದ್ದು. ಅದು ಬಾಡಿಗೆ ಬಲ ಕೊಡುವುದಿಲ್ಲ, ಒಳಗೆ ನೀರು ಹಿಡಿದಿಟ್ಟು ಉಳಿದ ಒಳ್ಳೆಯ ತಗಡನ್ನೂ ತಿನ್ನಿಸುತ್ತದೆ. ಕೊಳ್ಳಲೇಬೇಡಿ. ಈಗಾಗಲೇ ಹಾಕಿಸಿದ್ದರೆ ಬಿಚ್ಚಿಸಿ.

## ಹಂತ 5: ಯಾವ ಬಗೆಯ ಪ್ಯಾನೆಲ್

ಸಿಗುವ ಪ್ಯಾನೆಲ್ಲುಗಳಲ್ಲಿ ಮೊದಲ ಆಯ್ಕೆ, ಕಾರು ತಯಾರಾಗುತ್ತಿದ್ದ ಕಾಲದಲ್ಲೇ ಒತ್ತಿ ಇಟ್ಟ, ಬಳಸದೆ ಉಳಿದ ಹಳೇ ದಾಸ್ತಾನು. ಆಕಾರದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ದಶಕಗಟ್ಟಲೆ ಗೋಡೌನಿನಲ್ಲಿದ್ದದ್ದು, ಬಣ್ಣದ ಅಡಿಯಲ್ಲಿ ಎಳೆಎಳೆಯಾಗಿ ತುಕ್ಕು ಹರಿದಿರಬಹುದು. ಮಡಿಕೆಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಎರಡನೆಯದು, ಮೂಲ ಅಚ್ಚುಗಳಲ್ಲೇ ಈಗ ಹೊಸದಾಗಿ ಒತ್ತಿದ್ದು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಎಂಜಿಬಿಯ ಇಡೀ ಬಾಡಿ ಶೆಲ್ಲನ್ನೇ ಮತ್ತೆ ತಯಾರಿಸಿ ಮಾರಲು ಶುರು ಮಾಡಿತು. ಬಿಡಿ ಪ್ಯಾನೆಲ್ ಪಟ್ಟಿ ಮಾಡಿದಾಗ ಎರಡು ಸಿಲ್, ನೆಲ, ಎರಡು ಹಿಂದಿನ ಮಡ್‌ಗಾರ್ಡ್, ಮುಂದಿನ ಎರಡು ಎಲ್ಲವೂ ಬೇಕಾದರೆ, ಶೆಲ್ಲಿನ ಬೆಲೆಯನ್ನೂ ಕೂಲಿ ಸೇರಿಸಿ ಒಮ್ಮೆ ಹೋಲಿಸಿ ನೋಡಿ. ಶೆಲ್ ಬದಲಿಸಿದರೆ ನೋಂದಣಿಯ ಪ್ರಶ್ನೆ ಏಳುತ್ತದೆ ಎಂಬುದು ಮಾತ್ರ ನೆನಪಿರಲಿ.

ಬೇರೆ ಕಂಪನಿಗಳು ಹೊಸ ಅಚ್ಚು ಮಾಡಿ ಒತ್ತಿದ ಪ್ಯಾನೆಲ್ ಮೂರನೆಯ ಬಗೆ. ಇಲ್ಲಿ ಗುಣಮಟ್ಟ ಏರುಪೇರು. ಹೆಚ್ಚಾಗಿ ತಪ್ಪುವುದು ಉದ್ದಕ್ಕೂ ಓಡುವ ಮೂಗುಗೆರೆ ಮೊನಚು ಕಳೆದುಕೊಂಡಿರುವುದರಲ್ಲಿ, ಅಂಚಿನ ಮಡಿಕೆ ಗಿಡ್ಡವಾಗಿರುವುದರಲ್ಲಿ, ಬೋಲ್ಟ್ ತೂತು ಇಲ್ಲದಿರುವುದರಲ್ಲಿ. ತೂತು ಕೊರೆಯಬಹುದು, ಮಡಿಕೆ ಎಳೆಯಬಹುದು. ಮೂಗುಗೆರೆ ತಪ್ಪಿದ್ದರೆ ಪುಟ್ಟಿ ತುಂಬುವುದೊಂದೇ ದಾರಿ, ಹಾಗಾಗಿ ಅಂಥದ್ದನ್ನು ವಾಪಸ್ ಕೊಡಿ.

ಗುಜರಿಯಿಂದ ಬಂದ ಮೂಲ ಪ್ಯಾನೆಲ್ ಬಗ್ಗೆ ನಮ್ಮವರಿಗೆ ಅಸಡ್ಡೆ ಜಾಸ್ತಿ. ಪದ್ಮಿನಿ, ಅಂಬಾಸಿಡರ್, ಹೆರಾಲ್ಡ್‌ಗೆ ಇದೇ ಒಳ್ಳೆಯ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಮಾಯಾಪುರಿ ಹುಡುಕಬೇಕಾದ ಜಾಗಗಳು. ಒಣ ಪ್ರದೇಶದ ಕಾರಿನದ್ದೇ ಆದರೆ ಇನ್ನೂ ಒಳ್ಳೆಯದು. ಗ್ಯಾಸ್ ಕಟಿಂಗ್‌ನಲ್ಲಿ ಕತ್ತರಿಸಿದ್ದರೆ ಅಂಚಿನಿಂದ ಮೂರು ಇಂಚು ತಗಡು ಸುಟ್ಟು ಸೊಟ್ಟಗಾಗಿರುತ್ತದೆ ಎಂದು ಲೆಕ್ಕ ಹಿಡಿದು, ನಿಮಗೆ ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚಿಗೆ ಕೇಳಿ ಕತ್ತರಿಸಿಕೊಳ್ಳಿ.

ಕೊನೆಯದು ಟಿಂಕರ್ ಮೇಸ್ತ್ರಿ ಕೈಯಲ್ಲೇ ಮಾಡಿಸುವುದು. ನೆಲ, ಒಳಸಿಲ್, ಮಡ್‌ಗಾರ್ಡಿನ ಕೆಳತುಂಡು, ಬ್ಯಾಟರಿ ತಟ್ಟೆಯಂಥ ನೇರ ಬಾಗಿನ ತಗಡಿಗೆ ಇದು ಸರಿ, ಎರಡು ದಿಕ್ಕಿಗೂ ಬಾಗಿರುವ ಮಡ್‌ಗಾರ್ಡಿನ ಭುಜಕ್ಕೆ ತುಂಬ ನುರಿತ ಕೈ ಬೇಕು. ತಗಡಿನ ವಿಚಾರದಲ್ಲಿ ಬಳ್ಳಾರಿಯವರಿಗೆ ಅನುಕೂಲವಿದೆ, ತೋರಣಗಲ್ಲಿನಲ್ಲೇ ಕೋಲ್ಡ್ ರೋಲ್ಡ್ ತಗಡು ತಯಾರಾಗುತ್ತದೆ. ಅಂಗಡಿಯಲ್ಲಿ ‘ಸಿಆರ್‌ಸಿಎ’ ಎಂದು ಹೇಳಿ ಕೇಳಿ. ಬಾಗಿಸಬೇಕಾದ ಕೆಲಸಕ್ಕೆ ಡಿ ಅಥವಾ ಡಿಡಿ ಗ್ರೇಡ್ (ಬಿರಿಯದೆ ಬಾಗುವ ಮೃದು ತಗಡು). ಕಪ್ಪು ಪೊರೆಯಿರುವ ಎಚ್‌ಆರ್ (ಹಾಟ್ ರೋಲ್ಡ್) ತಗಡು ಹೊರ ಪ್ಯಾನೆಲ್ಲಿಗೆ ಬೇಡ. ಛಾವಣಿಗೆ ಹಾಕುವ ಜಿಐ ತಗಡಂತೂ ಬೇಡವೇ ಬೇಡ: ಮೈ ಮೇಲಿನ ಸತು ವೆಲ್ಡಿಂಗಿನಲ್ಲಿ ಹೊಗೆಯಾಗಿ ಮೇಸ್ತ್ರಿಗೆ ಚಳಿಜ್ವರ ತರಿಸುತ್ತದೆ, ಬಣ್ಣವೂ ಸರಿಯಾಗಿ ಹಿಡಿಯದು.

ಹೊರ ತಗಡಿಗೆ 20 ಗೇಜ್, ಅಂದರೆ 0.9 ಎಂಎಂ. ಸಿಲ್, ಅಡ್ಡಪಟ್ಟಿಯಂಥ ಭಾರ ಹೊರುವ ಕಡೆ 18 ಗೇಜ್, 1.2 ಎಂಎಂ, ಸ್ಪ್ರಿಂಗ್ ಹಿಡಿಯುವ ಜಾಗಕ್ಕೆ 16 ಗೇಜ್, 1.6 ಎಂಎಂ. ಹಳೇ ಕಾರಿನದ್ದೇ ಒಂದು ಒಳ್ಳೆಯ ತುಂಡನ್ನು ಬಣ್ಣ ತೆಗೆದು ಅಳೆದು ಅದಕ್ಕೆ ಹೊಂದಿಸಿಕೊಳ್ಳಿ. ಅಂಗಡಿಯಲ್ಲಿ ಮೋಸ ಹೋಗದಿರಲು ತೂಕ ಹಾಕಿಸಿ: 8×4 ಅಡಿಯ 0.9 ಎಂಎಂ ಉಕ್ಕಿನ ಹಾಳೆ ಸುಮಾರು 21 ಕೆಜಿ ತೂಗಬೇಕು. 18.7 ಕೆಜಿ ಬಂದರೆ ಅದು 0.8 ಎಂಎಂ.

ಫೈಬರ್ ಪ್ಯಾನೆಲ್ ಹಗುರ, ತುಕ್ಕು ಹಿಡಿಯುವುದಿಲ್ಲ. ರೇಸಿಗೆ ಸರಿ. ಭಾರ ಹೊರುವ ಕಡೆ ಹಾಕಬಾರದು, ಉಕ್ಕಿನ ಪಕ್ಕದಲ್ಲಿ ಬಿಸಿಲಿಗೆ ಹಿಗ್ಗುವ ಲೆಕ್ಕವೂ ಬೇರೆ.

## ಹಂತ 6: ಹಣ ಕೊಡುವ ಮೊದಲಿನ ಪರೀಕ್ಷೆ

ಪ್ಯಾನೆಲ್ಲನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಹಪ್ಪಳದಂತೆ ಲೊಟಕ್ ಲೊಟಕ್ ಎಂದು ಒಳಗೆ ಹೊರಗೆ ಹಾರಿದರೆ ತಗಡು ಹಿಗ್ಗಿದೆ, ಅದನ್ನು ಸರಿಮಾಡುವುದು ಬಹಳ ಕಷ್ಟ. ಅಂಚಿನಲ್ಲಿ ಮೂರು ಕಡೆ ಮೈಕ್ರೋಮೀಟರ್ ಹಿಡಿಯಿರಿ. 0.7ಕ್ಕಿಂತ ಕೆಳಗೆ ಬಂದರೆ ಬಿಡಿ. ಬಣ್ಣದ ದಪ್ಪವೂ ಅದರಲ್ಲೇ ಸೇರಿದೆ ಎಂಬುದನ್ನು ಮರೆಯಬೇಡಿ.

ಹೊಸ ಪ್ಯಾನೆಲ್ಲಿನ ಕಪ್ಪು ಬಣ್ಣ ಎರಡು ಥರದ್ದು. ತಿಳಿಯಲು ಬಟ್ಟೆಯನ್ನು ಥಿನ್ನರ್‌ನಲ್ಲಿ ಅದ್ದಿ ಒಂದು ಮೂಲೆಯಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿದು ಉಜ್ಜಿ. ಬಟ್ಟೆಗೆ ಕಪ್ಪು ಬಿಟ್ಟರೆ ಅದು ಸಾಗಣೆಗೆಂದು ಹೊಡೆದ ಬಣ್ಣ. ಪೂರ್ತಿ ತೆಗೆದು ಬರಿ ತಗಡಿನಿಂದ ಶುರು ಮಾಡಬೇಕು. ಬಿಡದಿದ್ದರೆ ಅದು ಗಟ್ಟಿ ಇಡಿ ಕೋಟ್, ಅಂದರೆ ವಿದ್ಯುತ್ ಹರಿಸಿ ಹಿಡಿಸಿದ ಪ್ರೈಮರ್. 320ನೇ ಪೇಪರಿನಲ್ಲಿ ಮೈ ಒರಟು ಮಾಡಿ ಅದರ ಮೇಲೇ ಪ್ರೈಮರ್ ಹೊಡೆಯಬಹುದು. ಈ ಪರೀಕ್ಷೆ ಬಿಟ್ಟು ಸಾಗಣೆ ಬಣ್ಣದ ಮೇಲೇ ಪೇಂಟ್ ಮಾಡಿದರೆ ಅದು ಮುಂದೆ ಪದರ ಪದರವಾಗಿ ಏಳುತ್ತದೆ.

ಹೊರದೇಶದಿಂದ ತರಿಸುವವರು ಸಾಗಣೆಯ ಲೆಕ್ಕವನ್ನು ತೂಕದ ಮೇಲೆ ಹಾಕಿ ಮೋಸ ಹೋಗುತ್ತಾರೆ. ವಿಮಾನದ ಕೊರಿಯರ್ ಸಾಮಾನ್ಯವಾಗಿ ಡಬ್ಬದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತದೆ. 150×60×50ರ ಡಬ್ಬ 90 ಕೆಜಿ ಎಂದಾಗುತ್ತದೆ, ಒಳಗಿನ ಮಡ್‌ಗಾರ್ಡ್ ಎಷ್ಟೇ ಹಗುರವಿದ್ದರೂ. ಅದರ ಮೇಲೆ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ. ಈ ತೆರಿಗೆಗಳು ಸಾಗಣೆ ವೆಚ್ಚವನ್ನೂ ಸೇರಿಸಿದ ಬೆಲೆಯ ಮೇಲೆ ಬೀಳುತ್ತವೆ. ಎಲ್ಲ ಪ್ಯಾನೆಲ್ ಒಟ್ಟಿಗೆ ಹಡಗಿನಲ್ಲಿ ತರಿಸುವುದು ನಿಧಾನ, ಆದರೆ ಅಗ್ಗ. ಸಿಲ್‌ನಂಥ ಉದ್ದ ತಗಡಿಗೆ ಮರದ ಚೌಕಟ್ಟು ಕೇಳಿ ಪಡೆಯಿರಿ. ರಟ್ಟಿನ ಡಬ್ಬದಲ್ಲಿ ಬಂದ ಸಿಲ್ ನಡುವೆ ಮಡಿಚಿರುತ್ತದೆ. ಡಬ್ಬ ಬಿಚ್ಚುವ ಮೊದಲೇ ಆರು ಬದಿಯ ಫೋಟೋ ತೆಗೆದರೆ ಪರಿಹಾರ ಕೇಳಲು ಆಧಾರ ಇರುತ್ತದೆ.

## ಹಂತ 7: ಒಣ ಜೋಡಣೆ

ಬಂದ ಪ್ಯಾನೆಲ್ಲಿಗೆ ಬಣ್ಣ, ವೆಲ್ಡಿಂಗ್ ಏನೂ ಮಾಡುವ ಮೊದಲು ಕಾರಿನ ಮೇಲೆ ಕೂರಿಸಿ ನೋಡಬೇಕು. ಪ್ರೈಮರ್ ಹೊಡೆದ ಅಥವಾ ಕೊರೆದ ಪ್ಯಾನೆಲ್ಲನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕೂರಿಸುವ ಕ್ರಮ ಕದಲದ್ದರಿಂದ ಕದಲುವುದರ ಕಡೆಗೆ. ಎಂಜಿಬಿಯಲ್ಲಿ ಹಿಂದಿನ ಮಡ್‌ಗಾರ್ಡ್ ವೆಲ್ಡ್ ಆಗಿರುವುದರಿಂದ ಅದೇ ಆಧಾರ. ಬಾಗಿಲನ್ನು ಅದಕ್ಕೆ ಹೊಂದಿಸಿ, ಬಾಗಿಲಿಗೆ ಮುಂದಿನ ಮಡ್‌ಗಾರ್ಡ್, ಮಡ್‌ಗಾರ್ಡುಗಳಿಗೆ ಬಾನೆಟ್. ಮುಂದಿನಿಂದ ಶುರು ಮಾಡಿದವರಿಗೆ ತಪ್ಪೆಲ್ಲ ಕೂಡಿಕೊಂಡು ಬಾಗಿಲ ಹಿಂಬದಿಯಲ್ಲಿ ಬಂದು ನಿಲ್ಲುತ್ತದೆ, ಅಲ್ಲಿ ಸರಿಸಲು ಏನೂ ಉಳಿದಿರುವುದಿಲ್ಲ. ಸಂದಿ 4ರಿಂದ 5 ಎಂಎಂ ಇರಲಿ. ಬಣ್ಣ ಎರಡೂ ಅಂಚಿನಲ್ಲಿ ಸ್ವಲ್ಪ ತಿನ್ನುವುದರಿಂದ ಒಣ ಜೋಡಣೆಯಲ್ಲಿ 5ರ ಕಡೆಗೇ ಇಟ್ಟುಕೊಳ್ಳಿ.

ಬಾಗಿಲಿಗೆ ರಬ್ಬರ್ ಬೀಡಿಂಗ್, ಬೀಗ, ಗಾಜು ಹಾಕಿ ಇನ್ನೊಮ್ಮೆ ನೋಡಿ. ಗಾಜಿನ ಭಾರಕ್ಕೆ ಬಾಗಿಲು ಇಳಿಯುತ್ತದೆ, ದಪ್ಪ ಬೀಡಿಂಗ್ ಹೊರಗೆ ತಳ್ಳುತ್ತದೆ. ಕೀಲಿನ ಪಿನ್ ಸವೆದಿದ್ದರೆ ಅದನ್ನು ಮೊದಲು ಬದಲಿಸಿ. ಬಾಗಿಲ ಹಿಂತುದಿ ಹಿಡಿದು ಎತ್ತಿದಾಗ ಟಕ್ ಎಂದರೆ ಪಿನ್ ಹೋಗಿದೆ ಎಂದರ್ಥ.

ಹೊಸ ಪ್ಯಾನೆಲ್ ಕೂರದಿದ್ದರೆ ಗ್ರೈಂಡರ್ ಎತ್ತಿಕೊಳ್ಳಬೇಡಿ. ಹಂತ 3ರಲ್ಲಿ ಬರೆದ ಅಳತೆಗೆ ಹೋಗಿ. ಕಾರಿನ ಎಡಬಲ ಅಳತೆ ಸಮವಿದ್ದೂ ಪ್ಯಾನೆಲ್ ಕೂರುತ್ತಿಲ್ಲವೆಂದರೆ ಪ್ಯಾನೆಲ್ ತಪ್ಪು. ಅಳತೆಯೇ ಸಮವಿಲ್ಲದಿದ್ದರೆ ಪ್ಯಾನೆಲ್ಲನ್ನು ಕಾರಿನ ಸೊಟ್ಟಕ್ಕೆ ಹೊಂದಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

## ಹಂತ 8: ಕತ್ತರಿಸಿ ಕೂರಿಸುವುದು

ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಸೀಟು, ಕಾರ್ಪೆಟ್, ವೈರಿಂಗ್ ಸರಿಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಸಿಲ್ ಮುಟ್ಟುವ ಮೊದಲು ಬಾಗಿಲ ಚೌಕಟ್ಟಿಗೆ ಪೈಪಿನ ಆಧಾರ ಹಾಕಿ. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಒಂದು ಅಡ್ಡ, ಒಂದು ಓರೆ. ಎರಡೂ ಬದಿಯನ್ನು ಜೋಡಿಸುವ ಇನ್ನೊಂದು. ಬಾಗಿಲು ಹಾಕಿ ತೆಗೆಯಲು ಬರುವಂತೆ ಪೈಪು ಒಳಬದಿಗೆ ಇರಬೇಕು, ಏಕೆಂದರೆ ಪ್ರತಿ ಹಂತಕ್ಕೂ ಬಾಗಿಲು ಹಾಕಿ ಸಂದಿ ನೋಡುತ್ತಲೇ ಹೋಗಬೇಕು. ಎರಡೂ ಸಿಲ್ ಒಟ್ಟಿಗೆ ಕತ್ತರಿಸಬೇಡಿ. ಒಂದು ಬದಿ ಪೂರ್ತಿ ಮುಗಿದ ಮೇಲೆ ಇನ್ನೊಂದು. ಕ್ರಮ ಒಳಗಿನಿಂದ ಹೊರಗೆ: ನೆಲದ ಅಂಚು ಮತ್ತು ಕ್ಯಾಸಲ್ ರೈಲ್, ಒಳಸಿಲ್, ನಡುವಿನ ತಗಡು, ಕೊನೆಗೆ ಹೊರಸಿಲ್.

ಹಳೇ ತಗಡನ್ನು ಸ್ಪಾಟ್ ವೆಲ್ಡ್ ಕೊರೆದು ಬಿಡಿಸಿ, ಮೇಲಿನ ತಗಡು ಮಾತ್ರ ಕೊರೆಯುವಂತೆ. ಹೊಸ ತಗಡಿನ ಅಂಚಿನಲ್ಲಿ 6ರಿಂದ 8 ಎಂಎಂ ತೂತುಗಳನ್ನು 30ರಿಂದ 40 ಎಂಎಂ ಅಂತರದಲ್ಲಿ ಮಾಡಿ ತೂತು ತುಂಬುವ ವೆಲ್ಡ್ ಹಾಕಿದರೆ ಫ್ಯಾಕ್ಟರಿಯ ಸ್ಪಾಟಿನಂತೆಯೇ ಹಿಡಿಯುತ್ತದೆ. ಒಳಗೆ ಮುಚ್ಚಿಹೋಗುವ ಮೈಗೆ ಮೊದಲೇ ವೆಲ್ಡ್ ಮಾಡಬಹುದಾದ ಸತುವಿನ ಪ್ರೈಮರ್ ಹೊಡೆಯಿರಿ.

ಹೊರ ತಗಡಿನ ತುಂಡನ್ನು ಒಂದರ ಮೇಲೊಂದು ಹೇರಬೇಡಿ, ಅಂಚಿಗೆ ಅಂಚು ಕೂರಿಸಿ. ಹೇರಿದಲ್ಲಿ ನೀರು ನಿಂತು, ಕೆಲವು ಮಳೆಗಾಲದಲ್ಲಿ ಬಣ್ಣದ ಮೇಲೆ ಗೆರೆಯಾಗಿ ತುಕ್ಕು ಕಾಣುತ್ತದೆ. ಟ್ಯಾಕ್‌ಗಳನ್ನು 25ರಿಂದ 30 ಎಂಎಂ ದೂರಕ್ಕೆ ಹಾಕುತ್ತ, ಒಂದು ಈ ಕೊನೆಗೆ ಹಾಕಿದರೆ ಮುಂದಿನದು ಆ ಕೊನೆಗೆ. ಕೈಯಲ್ಲಿ ಮುಟ್ಟುವಷ್ಟು ತಣಿದ ಮೇಲೆ ನಡುವೆ ತುಂಬಿ. ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ ತಗಡು ತಣಿಯುವುದೇ ಇಲ್ಲ. ಬೇಸಿಗೆಯಲ್ಲಿ ಈ ಕೆಲಸ ಬೆಳಗ್ಗೆಯೇ ಮುಗಿಸಿ. ಗ್ಯಾಸ್ ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವ ಮೇಸ್ತ್ರಿ ಎಷ್ಟೇ ಹಿರಿಯರಿರಲಿ, ಅಗಲವಾದ ಬಾಗಿಲ ತಗಡಿಗೆ ಬೇಡ ಅನ್ನಿ. ಅದರ ಕಾವು ಅಗಲಕ್ಕೆ ಹರಡಿ ತಗಡು ಅಲೆಯಲೆಯಾಗುತ್ತದೆ.

ಆಧಾರದ ಪೈಪು ತೆಗೆಯುವುದು ಎರಡೂ ಬದಿ ಪೂರ್ತಿ ವೆಲ್ಡ್ ಆದ ಮೇಲೆ. ತೆಗೆದ ಕೂಡಲೇ ಸಂದಿ ಅಳೆಯಿರಿ. 1 ಎಂಎಂಗಿಂತ ಹೆಚ್ಚು ಬದಲಾಗಿದ್ದರೆ ಎಲ್ಲೋ ವೆಲ್ಡ್ ಹಿಡಿದಿಲ್ಲ, ಇಲ್ಲವೇ ಒಳ ತಗಡು ಇನ್ನೂ ಸೋತಿದೆ.

## ಹಂತ 9: ಬಣ್ಣಕ್ಕೆ ಕೊಡುವ ಮುಂಚೆ

ಬರಿ ತಗಡನ್ನು ಕೈಯಿಂದ ಮುಟ್ಟಬೇಡಿ, ಬೆವರಿನ ಬೆರಳಚ್ಚು ತುಕ್ಕಾಗುತ್ತದೆ. ಕ್ಲೀನರ್‌ನಲ್ಲಿ ಒರೆಸಿ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ನಮ್ಮಲ್ಲಿ ಗೇಟಿಗೆ, ಗ್ರಿಲ್ಲಿಗೆ ಹೊಡೆಯುವ ರೆಡ್ ಆಕ್ಸೈಡನ್ನೇ ಕಾರಿಗೂ ಹೊಡೆಯುವ ರೂಢಿಯಿದೆ. ಅದರ ಮೇಲೆ 2ಕೆ ಪೇಂಟ್ (ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣ) ಬಿದ್ದಾಗ ಥಿನ್ನರ್ ಅದನ್ನು ಕರಗಿಸಿ ಸುಕ್ಕು ಏಳಿಸುತ್ತದೆ. ಪುಟ್ಟಿ ಎಪಾಕ್ಸಿಯ ಮೇಲೆ, 3 ಎಂಎಂ ಮೀರದಂತೆ. ಅದಕ್ಕಿಂತ ಹೆಚ್ಚು ಬೇಕಾದರೆ ಸುತ್ತಿಗೆ ಡಾಲಿ ಕೆಲಸ (ತಗಡಿನ ಹಿಂದೆ ಉಕ್ಕಿನ ಗಟ್ಟಿ ಹಿಡಿದು ತಟ್ಟಿ ನೇರ ಮಾಡುವುದು) ಇನ್ನೂ ಬಾಕಿ ಇದೆ. ನಲವತ್ತು ಡಿಗ್ರಿ ಸೆಕೆಯಲ್ಲಿ ಪುಟ್ಟಿ ಬೇಗ ಗಟ್ಟಿಯಾಗುವುದರಿಂದ ನಿಂಬೆಹಣ್ಣಿನ ಗಾತ್ರದಷ್ಟೇ ಒಂದು ಸಲಕ್ಕೆ ಕಲಸಿ. ಥಿನ್ನರ್ ಕೂಡ ನಿಧಾನವಾಗಿ ಆರುವ ಬಗೆಯದ್ದನ್ನೇ ಕೇಳಿ ತನ್ನಿ.

ಅಲ್ಯೂಮಿನಿಯಂ ಬಾನೆಟ್ಟಿಗೆ ಉಕ್ಕಿನ ಬೋಲ್ಟು, ಕೀಲು ತಾಗುವಲ್ಲಿ ನಡುವೆ ನೈಲಾನ್ ವಾಷರ್ ಅಥವಾ ಸೀಲಂಟ್ ಇರಬೇಕು. ನೇರವಾಗಿ ತಾಗಿದರೆ ತೇವದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ.

ಜೋಡಣೆಯ ಗೆರೆಗಳಿಗೆಲ್ಲ ಸೀಮ್ ಸೀಲರ್ ಹಚ್ಚಿ, ಬಣ್ಣ ಮುಗಿದ ಮೇಲೆ ಸಿಲ್ ಮತ್ತು ಬಾಗಿಲಿನ ಒಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಬಿಡಿ. ಅದಕ್ಕೂ ಮೊದಲು ಸಿಲ್‌ನ, ಬಾಗಿಲಿನ ತಳದ ತೂತುಗಳು ಸೀಲರ್‌ನಿಂದ ಮುಚ್ಚಿಲ್ಲವೇ ನೋಡಿ: ಒಂದು ಲೋಟ ನೀರು ಮೇಲಿಂದ ಹುಯ್ದರೆ ಕೆಳಗೆ ಅಷ್ಟೂ ಇಳಿಯಬೇಕು. ಇಳಿಯದಿದ್ದರೆ ತಂತಿ ಹಾಕಿ ಬಿಡಿಸಿ, ಒಳಗನ್ನು ಗಾಳಿ ಹೊಡೆದು ಒಣಗಿಸಿ, ಆಮೇಲೆ ವ್ಯಾಕ್ಸ್. ದೂಳಿನ ರಸ್ತೆಯಲ್ಲಿ ಓಡುವ ಗಾಡಿಯಾದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಈ ತೂತುಗಳಿಗೆ ತಂತಿ ಆಡಿಸಬೇಕು. ಬಿಚ್ಚಿದ ಹಳೇ ಪ್ಯಾನೆಲ್ಲುಗಳನ್ನು, ಎಷ್ಟೇ ತೂತಾಗಿದ್ದರೂ, ಬ್ಯಾಡ್ಜು ಬೀಡಿಂಗುಗಳೆಲ್ಲ ಕೂತು ಕಾರು ರಸ್ತೆಗಿಳಿಯುವವರೆಗೆ ಗುಜರಿಗೆ ಕೊಡಬೇಡಿ; ಕ್ಲಿಪ್ಪಿನ ತೂತು ಎಲ್ಲಿ ಕೊರೆಯಬೇಕು ಎಂಬ ಅಳತೆ ಅವುಗಳಲ್ಲೇ ಇದೆ.